ಫೋನಿನಲ್ಲಿ 50 ಮೆಗಾಪಿಕ್ಸೆಲ್ ಇರುವಾಗ ಹಬಲ್‌ನಲ್ಲಿ 16 ಮಾತ್ರ ಏಕೆ?

ನಿಮ್ಮ ಫೋನಿನಲ್ಲಿ 50 ಮೆಗಾಪಿಕ್ಸೆಲ್ ಇರುವಾಗ ಹಬಲ್ ದೂರದರ್ಶಕದ ಮುಖ್ಯ ಕ್ಯಾಮೆರಾದಲ್ಲಿ 16 ಮಾತ್ರ ಏಕೆ ಎಂದು ಕೇಳಿದ್ದೀರಿ. ಎಣಿಕೆ ಸರಿ: 2009ರಲ್ಲಿ ಗಗನಯಾತ್ರಿಗಳು ಅಳವಡಿಸಿದ ಆ ಕ್ಯಾಮೆರಾದ ಗೋಚರ ಬೆಳಕಿನ ವಿಭಾಗದಲ್ಲಿ ತಲಾ 4096 × 2051 ಪಿಕ್ಸೆಲ್‌ಗಳ ಎರಡು ಸಿಸಿಡಿ ಚಿಪ್‌ಗಳಿವೆ (ಬಿದ್ದ ಬೆಳಕನ್ನು ಎಲೆಕ್ಟ್ರಾನ್‌ಗಳಾಗಿ ಸಂಗ್ರಹಿಸುವ ಚಿಪ್‌ಗಳು). ಆದರೆ ಅಲ್ಲಿನ ಪಿಕ್ಸೆಲ್ಲಿನ ಅಗಲ 15 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್). ಫೋನಿನದು ಒಂದು ಮೈಕ್ರಾನ್ ಎಂದುಕೊಂಡರೂ ವಿಸ್ತೀರ್ಣದಲ್ಲಿ 225 ಪಟ್ಟು ಅಂತರ; ದೊಡ್ಡ ಪಿಕ್ಸೆಲ್ ಹೆಚ್ಚು ಬೆಳಕು ಹಿಡಿಯುತ್ತದೆ. ಜೊತೆಗೆ ಶಾಖದಿಂದಲೇ ಹುಟ್ಟುವ ಎಲೆಕ್ಟ್ರಾನ್‌ಗಳನ್ನು ತಡೆಯಲು ಚಿಪ್ಪನ್ನು ಸುಮಾರು ಮೈನಸ್ 83 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ.

ನನ್ನನ್ನು ಹೆಚ್ಚು ಕಾಡುವುದು ಮೆಗಾಪಿಕ್ಸೆಲ್ ಅಲ್ಲ, ಈ ಚಿಪ್ಪಿನ ಮುಪ್ಪು. ಕೆರೆಯ ಹೂಳೆತ್ತುವಾಗ ಸಾಲಾಗಿ ನಿಂತವರು ಮಣ್ಣಿನ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸಿ ದಡಕ್ಕೆ ಸೇರಿಸುವಂತೆ, ಸಿಸಿಡಿಯಲ್ಲಿ ಪ್ರತಿ ಪಿಕ್ಸೆಲ್ಲಿನ ಎಲೆಕ್ಟ್ರಾನ್‌ಗಳು ಪಕ್ಕದ ಪಿಕ್ಸೆಲ್ಲಿಗೆ, ಅಲ್ಲಿಂದ ಮುಂದಿನದಕ್ಕೆ ಸರಿಯುತ್ತ ಅಂಚಿನಲ್ಲಿ ಅಳೆಯಲ್ಪಡುತ್ತವೆ. ಅತಿ ದೂರದ ಸಾಲಿನ ಬುಟ್ಟಿ ಎರಡು ಸಾವಿರಕ್ಕೂ ಹೆಚ್ಚು ಕೈ ದಾಟಬೇಕು. ಪ್ರತಿ ಹೆಜ್ಜೆಯಲ್ಲಿ ಲಕ್ಷಕ್ಕೊಂದು ಪಾಲು ಹಿಂದೆ ಉಳಿದರೆ ಒಟ್ಟು ನಷ್ಟ ಸುಮಾರು ಶೇಕಡಾ 2; ಹತ್ತು ಸಾವಿರಕ್ಕೊಂದು ಉಳಿದರೆ ಶೇಕಡಾ 18ಕ್ಕೂ ಹೆಚ್ಚು. ಬಾಹ್ಯಾಕಾಶದ ಪ್ರೋಟಾನ್‌ಗಳು ಬಡಿದು ಸಿಲಿಕಾನ್ ಹರಳಿನ ಪರಮಾಣುಗಳನ್ನು ಸ್ಥಳದಿಂದ ಕದಲಿಸುವುದರಿಂದ ಉಂಟಾಗುವ ಕುಳಿಗಳಲ್ಲಿ ಎಲೆಕ್ಟ್ರಾನ್‌ಗಳು ಸಿಕ್ಕಿಕೊಂಡು, ತಡವಾಗಿ ಹೊರಬರುತ್ತವೆ.

ಹಬಲ್‌ನ ಸಾರ್ವಜನಿಕ ಕಡತಗಳನ್ನು ಇಳಿಸಿಕೊಂಡು ನೋಡುವುದು ನನ್ನ ಹವ್ಯಾಸ. ಇತ್ತೀಚಿನ ವರ್ಷಗಳ ಚಿತ್ರವನ್ನು ಹಿಗ್ಗಿಸಿದರೆ ಹೀಗೆ ತಡವಾಗಿ ಬಂದ ಎಲೆಕ್ಟ್ರಾನ್‌ಗಳಿಂದ ಮಸುಕು ನಕ್ಷತ್ರಗಳಿಗೆಲ್ಲ ಒಂದೇ ನೇರಕ್ಕೆ ಸಣ್ಣ ಬಾಲ ಕಾಣುತ್ತದೆ; ಅಳೆಯುವ ಅಂಚಿನಿಂದ ದೂರ ಹೋದಷ್ಟೂ ಬಾಲ ಉದ್ದ. ಹೆಸರು ಎಫ್‌ಎಲ್‌ಟಿ ಎಂದು ಮುಗಿಯುವ ಕಡತದಲ್ಲಿ ಅದು ಹಾಗೆಯೇ ಇರುತ್ತದೆ, ಎಫ್‌ಎಲ್‌ಸಿ ಎಂದಿದ್ದರೆ ಗಣಕದ ಲೆಕ್ಕಾಚಾರದಿಂದ ಬಹುಮಟ್ಟಿಗೆ ತಿದ್ದಿರುತ್ತಾರೆ.

ಗಗನಯಾತ್ರಿಗಳನ್ನು ಹಬಲ್‌ಗೆ ಒಯ್ಯುತ್ತಿದ್ದ ಶಟಲ್ ನೌಕೆಗಳು 2011ರಲ್ಲಿ ನಿವೃತ್ತಿಯಾದ್ದರಿಂದ ಚಿಪ್ ಬದಲಿಸಲು ಹೋಗುವವರಿಲ್ಲ. ಹಾಗಾಗಿ ತಿಂಗಳಿಗೊಮ್ಮೆ ಅದನ್ನು ಸುಮಾರು 20 ಡಿಗ್ರಿಗೆ ಬಿಸಿಮಾಡಿ, ಕತ್ತಲಲ್ಲೂ ಉರಿಯುವಂತೆ ಕಾಣುವ ಕೆಟ್ಟ ಪಿಕ್ಸೆಲ್‌ಗಳಲ್ಲಿ ಬಹುಪಾಲನ್ನು ಸರಿಪಡಿಸುತ್ತಾರೆ. ಕುಳಿಗಳಿಗೆ ಮಾತ್ರ ಬೇರೆಯೇ ಉಪಾಯ: ಚಿತ್ರ ತೆಗೆದ ಮೇಲೆ, ಓದುವ ಮುನ್ನ, ಕ್ಯಾಮೆರಾದೊಳಗಿನ ಪುಟ್ಟ ದೀಪವನ್ನು ಕ್ಷಣಕಾಲ ಹೊತ್ತಿಸಿ ಪ್ರತಿ ಪಿಕ್ಸೆಲ್ಲಿಗೂ ಕೆಲವು ಎಲೆಕ್ಟ್ರಾನ್ ತುಂಬುತ್ತಾರೆ. ಕುಳಿಗಳು ಅವುಗಳಿಂದಲೇ ತುಂಬಿ, ಗೆಲಾಕ್ಸಿಯಿಂದ ಬಂದವು ಬಹುಪಾಲು ದಡ ಸೇರುತ್ತವೆ.