ಅಪ್ಪನ ಜಾವಾಗೆ ಹೊಸ ಬಣ್ಣ ಬೇಕಾ?

ಪ್ರಶ್ನೆ: ಅಪ್ಪ 1968ರಲ್ಲಿ ಕೊಂಡ ಜಾವಾ 250 ಬೈಕ್ ಮನೆಯಲ್ಲಿದೆ. ಟ್ಯಾಂಕಿನ ಮರೂನ್ ಬಣ್ಣ ಮಂಕಾಗಿದೆ, ಪೆಟ್ರೋಲ್ ಮುಚ್ಚಳದ ಸುತ್ತ ಪೇಂಟ್ ಎದ್ದು ತುಕ್ಕು ಕಾಣುತ್ತಿದೆ. ಪೂರ್ತಿ ಕೆರೆಸಿ ಹೊಸದಾಗಿ ಬಣ್ಣ ಹೊಡೆಸಲಾ?
– ಓದುಗರು, ಹಾಸನ

ಉತ್ತರ: ದಯವಿಟ್ಟು ಪೂರ್ತಿ ಕೆರೆಸಬೇಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು, ಅಲ್ಲಿ ಹೊಡೆದ ಬಣ್ಣ ಒಮ್ಮೆ ಹೋದರೆ ಮತ್ತೆ ಸಿಗುವುದಿಲ್ಲ ಅಲ್ವಾ. ಮಂಕಾದದ್ದೆಲ್ಲ ಹಾಳಾದದ್ದಲ್ಲ. ಮೊದಲು ಶಾಂಪೂ ನೀರಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಕಾಣದ ಒಂದು ಮೂಲೆಯಲ್ಲಿ ಸ್ವಲ್ಪ ರಬ್ಬಿಂಗ್ ಕಾಂಪೌಂಡ್ (ಉಜ್ಜಿ ಹೊಳಪು ತರುವ ಪೇಸ್ಟ್) ಹಾಕಿ ಮೆತ್ತಗೆ ಉಜ್ಜಿ ನೋಡಿ. ಬಟ್ಟೆಗೆ ಬಣ್ಣ ಹತ್ತುತ್ತದೆ, ಗಾಬರಿ ಬೇಡ, ಅದು ಬಿಸಿಲಿಗೆ ಸತ್ತ ಮೇಲ್ಪದರ. ಚಿನ್ನದ ಬಣ್ಣದ ಗೆರೆಗಳನ್ನು ಮಾತ್ರ ಮುಟ್ಟಬೇಡಿ, ಬೇಗ ಅಳಿಸಿಹೋಗುತ್ತವೆ.

ತುಕ್ಕಿನ ಜಾಗ ಬೇರೆ ಕೆಲಸ. ಟ್ಯಾಂಕ್ ಬಿಚ್ಚಿ, ಪೆಟ್ರೋಲ್ ಖಾಲಿ ಮಾಡಿ, ತುಕ್ಕಿರುವಷ್ಟೇ ಜಾಗವನ್ನು 400 ನಂಬರ್ ವಾಟರ್ ಪೇಪರಿನಲ್ಲಿ (ನೀರು ಹಾಕಿ ಉಜ್ಜುವ ಸ್ಯಾಂಡ್‌ಪೇಪರ್) ತಗಡು ಹೊಳೆಯುವವರೆಗೆ ಉಜ್ಜಿ. ಅದರ ಮೇಲೆ ಎಪಾಕ್ಸಿ ಪ್ರೈಮರ್ (ಬಣ್ಣಕ್ಕೆ ಮುಂಚೆ ಹಾಕುವ ತಳಪದರ), ಆಮೇಲೆ ತೆಳ್ಳಗೆ ಎರಡು ಮೂರು ಸಲ ಬಣ್ಣ. ಬಣ್ಣ ಹೊಂದಿಸುವವರಿಗೆ ಉಜ್ಜಿ ಹೊಳಪು ಬಂದ ಟ್ಯಾಂಕನ್ನೇ ತೋರಿಸಿ. ಟೂಲ್ ಬಾಕ್ಸಿನ ಒಳಗಿನ ಬಣ್ಣ ಬಿಸಿಲು ಕಂಡಿಲ್ಲ, ಅದಕ್ಕೆ ಹೊಂದಿಸಿದರೆ ತೇಪೆ ಎದ್ದು ಕಾಣುತ್ತದೆ. ಕೊನೆಗೆ ಹಾರ್ಡ್‌ನರ್ (ಗಟ್ಟಿ ಮಾಡುವ ದ್ರವ) ಬೆರೆಸಿದ 2ಕೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಮೇಲ್ಪದರ, ಹಾಕಿಸಲೇಬೇಕು. ಸುಮ್ನೆ ಮಾಮೂಲಿ ಸ್ಪ್ರೇ ಡಬ್ಬಿ ಹೊಡೆದು ಬಿಟ್ಟರೆ ಪೆಟ್ರೋಲ್ ಚೆಲ್ಲಿದ ಕಡೆ ಬಣ್ಣ ಮೆತ್ತಗಾಗಿ ಏಳುತ್ತದೆ. ಈ 2ಕೆ ಹೊಗೆ ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು, ಹಾಗಾಗಿ ಈ ಕೆಲಸವನ್ನು ಪೇಂಟ್ ಬೂತ್ ಇರುವವರಿಗೇ ಕೊಡಿ.