ಕರ್ಲಿಂಗ್‌ನಲ್ಲಿ ತಪ್ಪು ಮಾಡಿದವರೇ ಹೇಳಬೇಕಂತೆ. ಹಾಗಾದರೆ ಮೋಸ ನಡೆಯೋದಿಲ್ವಾ?

ಹೌದು, ತಪ್ಪು ಮಾಡಿದವರೇ ಹೇಳಬೇಕು. ನಾನಿರುವುದು ಕೆನಡಾದಲ್ಲಿ. ಚಳಿಗಾಲದಲ್ಲಿ ಇಲ್ಲಿನ ಕ್ಲಬ್ ಲೀಗ್‌ನಲ್ಲಿ ಆಡುತ್ತೇನೆ. ಅಲ್ಲಿ ಅಂಪೈರ್ ಅನ್ನೋ ಮನುಷ್ಯನೇ ಇಲ್ಲ. ಎಂಟು ಜನ ಆಟಗಾರರು, ಹದಿನಾರು ಕಲ್ಲು, ಅಷ್ಟೇ. ದೊಡ್ಡ ಪಂದ್ಯಗಳಲ್ಲಿ ಅಧಿಕಾರಿಗಳು ಇರುತ್ತಾರೆ. ಆದರೆ ಬ್ರೂಮ್, ಅಂದರೆ ಐಸ್ ಉಜ್ಜುವ ಬ್ರಷ್, ಕಲ್ಲಿಗೆ ತಾಗಿತಾ ಇಲ್ವಾ ಅನ್ನುವಂಥದ್ದನ್ನು ಅಲ್ಲೂ ಆಟಗಾರರೇ ಹೇಳುವುದು.

ಆಟ ನೋಡದವರಿಗೆ ಎರಡು ಮಾತು. ಸುಮಾರು 45 ಮೀಟರ್ ಉದ್ದದ ಐಸ್. ಈ ತುದಿಯಿಂದ 17ರಿಂದ 20 ಕೆಜಿ ತೂಕದ ಗ್ರಾನೈಟ್ ಕಲ್ಲನ್ನು ಜಾರಿಸಿ ಬಿಡಬೇಕು. ಆ ತುದಿಯಲ್ಲಿ ಒಂದು ದೊಡ್ಡ ವೃತ್ತ ಇರುತ್ತದೆ, ಅದಕ್ಕೆ ಹೌಸ್ ಅಂತಾರೆ. ಅದರ ನಡುವಿಗೆ ಯಾರ ಕಲ್ಲು ಹತ್ತಿರವೋ ಅವರಿಗೆ ಅಂಕ. ಕಲ್ಲು ಹೋಗುತ್ತಿರುವಾಗ ಅದರ ಮುಂದೆ ಇಬ್ಬರು ಬ್ರೂಮ್ ಹಿಡಿದು ಐಸ್ ಉಜ್ಜುತ್ತಾ ಓಡುತ್ತಾರೆ. ಉಜ್ಜಿದರೆ ಕಲ್ಲು ಜಾಸ್ತಿ ದೂರ ಹೋಗುತ್ತದೆ, ಬಾಗುವುದು ಕಡಿಮೆಯಾಗುತ್ತದೆ.

ಎಡವಟ್ಟಾಗುವುದು ಇಲ್ಲೇ. ಬ್ರೂಮ್ ಮತ್ತು ಕಲ್ಲಿನ ನಡುವೆ ಕೆಲವು ಇಂಚು ಅಂತರ ಇರುತ್ತದೆ. ಸ್ಕಿಪ್, ಅಂದರೆ ನಾಯಕ, ಆ ತುದಿಯಿಂದ ‘ಹಾರ್ಡ್, ಹಾರ್ಡ್’ ಅಂತ ಕಿರುಚುತ್ತಿರುತ್ತಾನೆ. ಮೈಭಾರವೆಲ್ಲ ಬ್ರೂಮ್ ಮೇಲೆ. ಅದರ ಅಂಚು ಕಲ್ಲಿಗೆ ಸವರಿಕೊಂಡು ಹೋಗುತ್ತದೆ. ಸದ್ದಿಲ್ಲ, ಕಲ್ಲಿನ ದಾರಿಯೂ ಬದಲಾಗಿರುವುದಿಲ್ಲ. ದೂರದಲ್ಲಿರುವ ಎದುರಾಳಿಗೆ ಗೊತ್ತೇ ಆಗಲ್ಲ. ಆದರೆ ಹಿಡಿಯಲ್ಲಿ ಒಂದು ಸಣ್ಣ ಅದುರು ಬರುತ್ತದೆ, ತಾಗಿಸಿದವರಿಗೆ ಅದು ತಿಳಿದೇ ತಿಳಿಯುತ್ತದೆ. ಆಗ ಜೋರಾಗಿ ‘ಬರ್ನ್ಡ್’ ಅನ್ನಬೇಕು. ಕಲ್ಲು ಇನ್ನೂ ಆಚೆ ತುದಿಯ ಹಾಗ್ ಲೈನ್, ಅಂದರೆ ಹೌಸ್‌ಗಿಂತ ಮುಂಚೆ ಬರುವ ಅಡ್ಡಗೆರೆ, ಮುಟ್ಟಿಲ್ಲದಿದ್ದರೆ ನಮ್ಮವರೇ ಅದನ್ನು ತಕ್ಷಣ ತೆಗೆದು ಪಕ್ಕಕ್ಕಿಡಬೇಕು. ಆ ಗೆರೆ ದಾಟಿದ್ದರೆ ಎಲ್ಲ ಕಲ್ಲುಗಳೂ ನಿಲ್ಲುವ ತನಕ ಯಾರೂ ಮುಟ್ಟುವಂತಿಲ್ಲ. ಆಮೇಲೆ ತೀರ್ಮಾನ ಎದುರಾಳಿ ಸ್ಕಿಪ್‌ನದು. ಆ ಕಲ್ಲನ್ನು ತೆಗೆದು ಉಳಿದವನ್ನು ಮೊದಲಿದ್ದಲ್ಲಿಗೆ ಇಡಿಸಬಹುದು. ಎಲ್ಲ ಇದ್ದ ಹಾಗೇ ಬಿಡಬಹುದು. ಇಲ್ಲವೇ, ತಾಗದೇ ಇದ್ದಿದ್ದರೆ ಎಲ್ಲೆಲ್ಲಿ ನಿಲ್ಲುತ್ತಿದ್ದವು ಅಂತ ಅಂದಾಜು ಮಾಡಿ ಅಲ್ಲಿಗೆ ಇಡಿಸಬಹುದು.

ಕರ್ಲಿಂಗ್ ಬಗ್ಗೆ ಬರೆಯುವವರೆಲ್ಲ ಆ ತಪ್ಪೊಪ್ಪಿಗೆಯನ್ನೇ ಹಾಡಿ ಹೊಗಳುತ್ತಾರೆ. ನನ್ನ ಕೇಳಿದರೆ, ಒಪ್ಪಿಕೊಳ್ಳುವುದು ಅಂಥ ಕಷ್ಟವೇನಲ್ಲ. ಅದೇ ಎಂಟು-ಹತ್ತು ತಂಡಗಳ ಮುಖ ಚಳಿಗಾಲವಿಡೀ ನೋಡಬೇಕು, ಒಮ್ಮೆ ಹೆಸರು ಕೆಟ್ಟರೆ ಮುಗೀತು. ಕಷ್ಟ ಇರುವುದು ಎದುರಿನವರಿಗೆ. ಆಟಕ್ಕೆ ಏನೂ ವ್ಯತ್ಯಾಸವಾಗಿಲ್ಲ ಅಂತ ಕಣ್ಣಿಗೇ ಕಾಣುತ್ತಿದೆ, ಆದರೂ ಕಲ್ಲು ತೆಗೆಯುವ ಹಕ್ಕು ನಿಮಗಿದೆ. ತೆಗೀತೀರಾ?

2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಇದೇ ಆಯಿತು. ಕೆನಡಾ ಮತ್ತು ಡೆನ್ಮಾರ್ಕ್ ಮಹಿಳೆಯರ ಪಂದ್ಯ. ಎರಡೂ ತಂಡ ಸೇರಿ ಹದಿನಾರು ಕಲ್ಲು ಬಿಟ್ಟು ಮುಗಿಸಿದರೆ ಒಂದು ಎಂಡ್, ಅಂದರೆ ಒಂದು ಸುತ್ತು. ಐದನೇ ಎಂಡ್‌ನಲ್ಲಿ ಡೆನ್ಮಾರ್ಕ್ ಆಟಗಾರ್ತಿಯ ಬ್ರೂಮ್ ತಮ್ಮದೇ ಕಲ್ಲಿಗೆ ತಾಗಿತು. ಕೆನಡಾದ ಸ್ಕಿಪ್ ರೇಚಲ್ ಹೋಮನ್ ಆ ಕಲ್ಲನ್ನು ಎತ್ತಿ ಪಕ್ಕಕ್ಕಿಟ್ಟರು. ನಿಯಮದ ಪ್ರಕಾರ ನೂರಕ್ಕೆ ನೂರು ಸರಿ. ಆದರೆ ಇಲ್ಲಿ ಕೆನಡಾದಲ್ಲೇ ಟೀಕೆ ಶುರುವಾಯಿತು, ಅಷ್ಟು ಸಣ್ಣದಕ್ಕೆ ಬಿಟ್ಟುಬಿಡಬಹುದಿತ್ತಲ್ಲ ಅಂತ. ಪಂದ್ಯವನ್ನು ಡೆನ್ಮಾರ್ಕ್ ಹೆಚ್ಚುವರಿ ಎಂಡ್‌ನಲ್ಲಿ 9-8ರಿಂದ ಗೆದ್ದಿತು. ನಾನು ಹೋಮನ್ ಪರವೇ. ನಿಯಮ ಮೂರು ದಾರಿ ಕೊಟ್ಟು, ಒಂದರಲ್ಲಿ ಹೋದವರನ್ನು ಬೈದರೆ ಹೇಗೆ? ಆದರೂ ಕ್ಲಬ್ ಆಟದಲ್ಲಿ ಹೆಚ್ಚಿನವರು ‘ಪರವಾಗಿಲ್ಲ, ಇರಲಿ ಬಿಡಿ’ ಅಂತಲೇ ಅನ್ನುತ್ತಾರೆ.

ನಮ್ಮವರಿಗೆ ಇದು ಅರ್ಥವಾಗದ ವಿಷಯವೇನಲ್ಲ. 1980ರಲ್ಲಿ ಬಾಂಬೆಯ ಗೋಲ್ಡನ್ ಜ್ಯೂಬಿಲಿ ಟೆಸ್ಟ್‌ನಲ್ಲಿ ನಮ್ಮ ಜಿ. ಆರ್. ವಿಶ್ವನಾಥ್ ನಾಯಕ. ಅಂಪೈರ್ ಔಟ್ ಕೊಟ್ಟ ಮೇಲೂ ಇಂಗ್ಲೆಂಡ್‌ನ ಬಾಬ್ ಟೇಲರ್ ಅವರನ್ನು ವಾಪಸ್ ಕರೆದರು. ಟೇಲರ್ ಮತ್ತು ಬೋಥಮ್ ಆಮೇಲೆ 171 ರನ್ ಜೊತೆಯಾಟ ಆಡಿದರು, ಭಾರತ 10 ವಿಕೆಟ್‌ಗಳಿಂದ ಸೋತಿತು. ಅವತ್ತು ವಿಶಿ ಮಾಡಿದ್ದು ಸರಿನಾ ಅಂತ ಇವತ್ತಿಗೂ ಜಗಳ ಆಡುವವರಿದ್ದಾರೆ. ಹೋಮನ್ ವಿಷಯದಲ್ಲಿ ಅದೇ ಜಗಳ, ತಿರುವುಮುರುವಾಗಿ.

ಇನ್ನು ಸಣ್ಣಪುಟ್ಟ ರೀತಿನೀತಿಗಳು. ಶುರುವಾಗುವ ಮುಂಚೆ ಎಲ್ಲರೂ ಎಲ್ಲರ ಕೈಕುಲುಕಿ ‘ಗುಡ್ ಕರ್ಲಿಂಗ್’ ಅನ್ನುತ್ತಾರೆ. ಎದುರಾಳಿ ಕಲ್ಲು ಬಿಡುವಾಗ ಅಲುಗಾಡಬಾರದು. ಅವರ ಕಲ್ಲು ಹಾಳಾದರೆ ಚಪ್ಪಾಳೆ ತಟ್ಟುವಂತಿಲ್ಲ, ಚೆನ್ನಾಗಿ ಬಿದ್ದರೆ ಹೊಗಳಬೇಕು. ಐಸ್ ಮೇಲೆ ಕೈಯೂರಬಾರದು, ಮಂಡಿಯೂರಿ ಕೂರಬಾರದು, ಬಿಸಿಗೆ ಅಲ್ಲಿ ಕರಗಿ ಗುಂಡಿ ಬೀಳುತ್ತದೆ. ಎಂಡ್ ಮುಗಿದಾಗ ಎರಡೂ ಕಡೆಯ ವೈಸ್‌ಗಳು, ಅಂದರೆ ಉಪನಾಯಕರು, ಮಾತ್ರ ಹೌಸ್ ಒಳಗೆ ನಿಂತು ಅಂಕ ಒಪ್ಪಿಕೊಳ್ಳಬೇಕು. ಅವರು ಹೂಂ ಅನ್ನುವ ಮೊದಲೇ ಕಲ್ಲು ಒದ್ದು ಬದಿಗೆ ಸರಿಸಿದಿರೋ, ಅಳೆಯಬೇಕಾಗಿದ್ದ ಅಂಕ ನಿಮ್ಮ ಕೈತಪ್ಪುತ್ತದೆ. ಗೆಲ್ಲುವ ದಾರಿ ಇಲ್ಲ ಅನ್ನಿಸಿದರೆ ಪೂರ್ತಿ ಆಡದೆ ಕೈಕುಲುಕಿ ಹೊರಡಬಹುದು, ಅದರಲ್ಲಿ ಅವಮಾನ ಏನೂ ಇಲ್ಲ.

ಹಾಗಂತ ಇಲ್ಲಿ ಎಲ್ಲರೂ ಹರಿಶ್ಚಂದ್ರರೇ ಅಂದುಕೊಳ್ಳಬೇಡಿ. 2018ರ ಅದೇ ಒಲಿಂಪಿಕ್ಸ್‌ನಲ್ಲಿ ರಷ್ಯಾದ ಆಟಗಾರನೊಬ್ಬ ಮೆಲ್ಡೋನಿಯಂ ಅನ್ನೋ ನಿಷೇಧಿತ ಮದ್ದು ತಗೊಂಡು ಸಿಕ್ಕಿಬಿದ್ದು ಮಿಶ್ರ ಡಬಲ್ಸ್ ಕಂಚು ಹೋಯಿತು, ನಾರ್ವೆಗೆ ಸಿಕ್ಕಿತು. ಅದಕ್ಕಿಂತ ದೊಡ್ಡ ಗಲಾಟೆ 2015ರ ಬ್ರೂಮ್ ಜಗಳ. ಹೊಸ ಬಗೆಯ ಬಟ್ಟೆ ಹಾಕಿದ ಬ್ರೂಮ್‌ಗಳು ಬಂದಿದ್ದವು. ಅವುಗಳಿಂದ ಉಜ್ಜಿ ಕಲ್ಲನ್ನು ಬೇಕಾದ ಕಡೆಗೆ ಎಳೆಯಬಹುದಿತ್ತು, ಎಸೆದವರ ಕೈಚಳಕಕ್ಕೆ ಬೆಲೆಯೇ ಇಲ್ಲದಂತಾಯಿತು. ಯಾವ ನಿಯಮವೂ ಅದನ್ನು ತಡೆದಿರಲಿಲ್ಲ, ಹಾಗಾಗಿ ಮೋಸ ಅನ್ನುವಂತೆಯೂ ಇಲ್ಲ. ಕೆಲವು ದೊಡ್ಡ ತಂಡಗಳು ತಾವಾಗಿಯೇ ‘ನಾವು ಬಳಸಲ್ಲ’ ಅಂತ ಹೇಳಿಕೆ ಕೊಟ್ಟವು. ಆದರೆ ಎದುರಾಳಿ ಬಳಸುತ್ತಿರುವಾಗ ಮಾತು ಎಷ್ಟು ದಿನ ನಿಲ್ಲುತ್ತದೆ? ಕೊನೆಗೆ 2016ರಲ್ಲಿ ಒಂಟಾರಿಯೊದ ಕೆಂಪ್ಟ್‌ವಿಲ್‌ನಲ್ಲಿ ವಿಜ್ಞಾನಿಗಳನ್ನು ಕೂರಿಸಿಕೊಂಡು ಪರೀಕ್ಷೆ ಮಾಡಿದರು. ಆಮೇಲೆ ಸ್ಪರ್ಧೆಗಳಿಗೆ ಇಂಥದ್ದೇ ಬಟ್ಟೆ ಅಂತ ಕಟ್ಟುನಿಟ್ಟು ಬಂತು. ತಾನು ಮಾಡಿದ ತಪ್ಪನ್ನು ಆಟಗಾರ ಹೇಳಿಬಿಡುತ್ತಾನೆ, ಸರಿ. ಆದರೆ ನಿಯಮದಲ್ಲೇ ತೂತಿದ್ದರೆ ಅವನ ಪ್ರಾಮಾಣಿಕತೆ ಅದನ್ನು ಮುಚ್ಚಲ್ಲ.

ಕೊನೆಯದು, ಆಟ ಮುಗಿದ ಮೇಲಿನ ಕೂಟ. ಗೆದ್ದವರು ಸೋತವರಿಗೆ ಮೊದಲ ಸುತ್ತು ಕುಡಿಸಬೇಕು, ಎರಡೂ ತಂಡ ಒಂದೇ ಮೇಜಿಗೆ ಕೂರಬೇಕು. ಬಿಯರ್ ಆಗಬೇಕೆಂದೇನಿಲ್ಲ, ನಾನು ಕಾಫಿ ತಗೋತೀನಿ. ಕೂರದೆ ಸುಮ್ನೆ ಮನೆಗೆ ಹೊರಟರೆ ಮಾತ್ರ ಬೇಜಾರು ಮಾಡಿಕೊಳ್ಳುತ್ತಾರೆ. ನೀವು ಈ ಕಡೆ ಬಂದಾಗ ಆಡಿ ನೋಡಬೇಕು ಅನ್ನಿಸಿದರೆ ಹೊಸಬರಿಗೆ ಹೇಳಿಕೊಡುವ ಕ್ಲಬ್‌ಗಳು ಬೇಕಾದಷ್ಟಿವೆ. ಹೊರಗೆ ಹಾಕದ ಶುಭ್ರವಾದ ಒಂದು ಜೊತೆ ಶೂ ತನ್ನಿ, ಬ್ರೂಮ್ ಅವರೇ ಕೊಡುತ್ತಾರೆ.