ಟೇಪು ಎಲ್ಲಿಂದ ಹಿಡಿದಿರಿ?

ನಮಸ್ಕಾರ,

ಕೆರೆ, ರಾಜಕಾಲುವೆ ಪಕ್ಕ ಏಳುತ್ತಿರುವ ಕಟ್ಟಡಗಳ ಬಗ್ಗೆ ನೀವು ಬರೆದ 'ಕಣ್ಣೀರಿಡುವ ಕೆರೆಗಳು' ಲೇಖನ ಓದಿದೆ, ಎರಡು ಸಲ. ಹೀಗೇ ಪ್ರಕಟಿಸಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಸುಮ್ನಿರಲೂ ಮನಸ್ಸಾಗಲಿಲ್ಲ.

ಮೊದಲು ಶೀರ್ಷಿಕೆ. ನಮ್ಮ ಮೇಜಿಗೆ ಬರುವ ಲೇಖನಗಳಲ್ಲಿ ಬೆಂಗಳೂರಿನ ಕೆರೆಗಳು ಅತ್ತೂ ಅತ್ತೂ ಸುಸ್ತಾಗಿವೆ. ನಿಮ್ಮ ಮೊದಲ ನಾಲ್ಕು ಪುಟಗಳಲ್ಲಿ ಕೆಂಪೇಗೌಡರು, ಪ್ರಕೃತಿ ಮಾತೆ, ಬೆಳ್ಳಂದೂರಿನ ನೊರೆ, ಬೆಂಕಿ ಎಲ್ಲ ಬಂದು ಹೋಗುತ್ತವೆ. ಇದೆಲ್ಲ ಓದುಗರಿಗೆ ಗೊತ್ತಿರುವುದೇ, ಅಲ್ವಾ? ಆಮೇಲೆ ಎರಡು ಪುಟ, ಕಾಲುವೆ ಪಕ್ಕದ ದೊಡ್ಡ ಪ್ರಾಜೆಕ್ಟಿಗೆ ಸಿಕ್ಕ ಪರಿಸರ ಅನುಮತಿಯ ಷರತ್ತುಗಳನ್ನು ಇದ್ದಹಾಗೇ ಇಳಿಸಿದ್ದೀರಿ. ಅಷ್ಟನ್ನೂ ಓದುವ ತಾಳ್ಮೆ ಬಿಲ್ಡರ್‌ಗೇ ಇದ್ದಂತಿಲ್ಲ, ಓದುಗರಿಗೆ ಎಲ್ಲಿಂದ ಬರಬೇಕು.

ಲೇಖನ ಶುರುವಾಗುವುದು ಏಳನೇ ಪುಟದಲ್ಲಿ. ವರ್ತೂರಿನ ಕಡೆ, ನಿಮ್ಮ ಮನೆ ಹಿಂದಿನ ರಾಜಕಾಲುವೆ ಪಕ್ಕ ನಿಂತಿದ್ದೀರಿ. ರಾತ್ರಿ ಮಳೆ ಬಂದಿದೆ. ಪಾಯ ತೆಗೆದ ಕೆಂಪು ಮಣ್ಣನ್ನು ತಗಡಿನ ಬೇಲಿ ಆಚೆ ಸುರಿದಿದ್ದಾರೆ, ಅದು ಜಾರಿ ಅರ್ಧ ಕಾಲುವೆಗೆ ಬಂದಿದೆ. ಟಿಪ್ಪರ್ ಅದರ ಮೇಲೇ ಹಿಂದಕ್ಕೆ ಬಂದು ಇನ್ನೊಂದು ಲೋಡ್ ಸುರಿಯುತ್ತದೆ. ಕುರಿ ಮೇಯಿಸುತ್ತಿದ್ದ ಅಜ್ಜ, "ಇದು ಮೋರಿ ಅಲ್ಲಮ್ಮ, ಮೇಲಿನ ಕೆರೆ ಕೋಡಿ ಬಿದ್ರೆ ನೀರು ಬರೋ ದಾರಿ" ಅನ್ನುತ್ತಾರೆ. ಅಷ್ಟೇ, ಹನ್ನೊಂದು ಸಾಲು. ಒಂದು ಉಪಮೆಯೂ ಇಲ್ಲ. ಎಂಟನೇ ಪುಟದಲ್ಲಿ ಮತ್ತೆ ಪ್ರಕೃತಿ ಮಾತೆ ಹಾಜರ್.

ಇನ್ನು ತಪ್ಪುಗಳು. ಕೆರೆಯಿಂದ 75 ಮೀಟರ್ ಜಾಗ ಏನೂ ಕಟ್ಟದೆ ಬಿಡಬೇಕು ಎಂದು ಐದು ಕಡೆ ಬರೆದಿದ್ದೀರಿ. ಅದು 2016ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿ ಹೇಳಿದ್ದು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಬೆಂಗಳೂರಿನ 'ಮಾಸ್ಟರ್ ಪ್ಲಾನ್ 2015'ರ ಲೆಕ್ಕವೇ ಉಳಿಯಿತು: ಕೆರೆಗೆ 30 ಮೀಟರ್, ರಾಜಕಾಲುವೆಗೆ ಅದು ಮೊದಲ, ಎರಡನೇ, ಮೂರನೇ ದರ್ಜೆಯದಾ ನೋಡಿಕೊಂಡು 50, 25, 15 ಮೀಟರ್. ನೀವು ದೂರುವ ಕಟ್ಟಡಕ್ಕೆ ಮಂಜೂರಾತಿ ಸಿಕ್ಕಿದ್ದು ಯಾವ ವರ್ಷ? ಅದೇ ಇಲ್ಲ. ಅದಿಲ್ಲದೆ ಯಾವ ಅಂಕಿ ಹಾಕಿದರೂ ಗಾಳಿಯಲ್ಲಿ ನಿಲ್ಲುತ್ತದೆ.

ಇದಕ್ಕಿಂತ ಒಳ್ಳೆಯ ವಿಷಯ ನಿಮ್ಮ ಕೈತಪ್ಪಿದೆ. ನ್ಯಾಯಮಂಡಳಿ ಕಾಲುವೆಯ ಅಂಚಿನಿಂದ ಅಳೆಯಿರಿ ಎಂದಿತ್ತು. ಮಾಸ್ಟರ್ ಪ್ಲಾನ್ ಕಾಲುವೆಯ ನಡುವಿನಿಂದ ಅಳೆಯುತ್ತದೆ. ಮೊದಲ ದರ್ಜೆಯ ಕಾಲುವೆ 12 ಮೀಟರ್ ಅಗಲ ಇದ್ದರೆ 6 ಮೀಟರ್ ನೀರಲ್ಲೇ ಹೋಯಿತು. ದಡದ ಮೇಲೆ ಉಳಿಯುವುದು 50 ಅಲ್ಲ, 44. ಈಗ ನಿಮ್ಮ ಮಣ್ಣಿನ ಗುಡ್ಡೆಗೆ ಬನ್ನಿ. ಒಂದು ದಡದಿಂದ ಮಣ್ಣು ತುಂಬುತ್ತಾ ಬಂದರೆ ಕಾಲುವೆಯ ನಡುವೂ ಆಚೆ ದಡದ ಕಡೆ ಸರಿಯುತ್ತದೆ, ಅದರ ಜೊತೆ ಕಟ್ಟಡ ಬಿಡಬೇಕಾದ ಗೆರೆಯೂ. ಟೇಪು ಹಿಡಿಯುವವನು ಇವತ್ತಿನ ನಡು ನೋಡುತ್ತಾನಾ, ಗ್ರಾಮ ನಕ್ಷೆಯಲ್ಲಿರುವ ಹಳ್ಳದ ನಡು ನೋಡುತ್ತಾನಾ? ನಿಮ್ಮ ಲೇಖನ ಕೂತಿರುವುದು ಇಲ್ಲಿ.

ನಲವತ್ತು ಫ್ಲ್ಯಾಟಿನ ಪಕ್ಕದ ಕಟ್ಟಡಕ್ಕೆ ಪರಿಸರ ಅನುಮತಿಯೇ ಇಲ್ಲ ಎಂದು ಕಳ್ಳನನ್ನು ಹಿಡಿದವರ ಹಾಗೆ ಬರೆದಿದ್ದೀರಿ. ಪರಿಸರ ಅನುಮತಿ ಬಗ್ಗೆ ಕೇಂದ್ರ ಹೊರಡಿಸಿದ 2006ರ ಅಧಿಸೂಚನೆಯ ಪ್ರಕಾರ ಆ ಅನುಮತಿ ಬೇಕಾಗುವುದು ನಿರ್ಮಾಣ 20,000 ಚದರ ಮೀಟರ್ ಮುಟ್ಟಿದರೆ. ನಲವತ್ತು ಫ್ಲ್ಯಾಟ್ ಎಂದರೆ ಅದರ ಹತ್ತಿರಕ್ಕೂ ಹೋಗುವುದು ಕಷ್ಟ. ಕಾಲುವೆಗೆ ಬಿಡಬೇಕಾದ ಜಾಗ ಮಾತ್ರ ಅವರಿಗೂ ಇದೆ, ಅದನ್ನು ಕೇಳಿ. 2017ರ ಜೌಗು ಪ್ರದೇಶ ನಿಯಮಗಳ ಪ್ಯಾರಾವನ್ನೂ ತೆಗೆಯಿರಿ. ಕುಡಿಯುವ ನೀರಿಗೆ, ನೀರಾವರಿಗೆ ಅಂತಲೇ ಜನ ಕಟ್ಟಿದ ಕೆರೆಗಳನ್ನು ಆ ನಿಯಮ ಹೊರಗಿಡುತ್ತದೆ. ನಮ್ಮ ಕೆರೆಗಳು ಹೆಚ್ಚಿನವು ಹಳ್ಳಕ್ಕೆ ಏರಿ ಹಾಕಿ ಗದ್ದೆಗೆಂದು ಕಟ್ಟಿದವು. 'ಎಲ್ಲ ಕೆರೆಗೂ ರಕ್ಷಣೆ ಇದೆ' ಎಂದರೆ ಮೊದಲ ವಕೀಲರೇ ನಿಮ್ಮನ್ನು ಕೂರಿಸಿಬಿಡುತ್ತಾರೆ.

ಹಾಗಾದರೆ ಏನು ಮಾಡೋದು? ಮಣ್ಣು ಸುರಿದ ದೊಡ್ಡ ಪ್ರಾಜೆಕ್ಟನ್ನು ಮಾತ್ರ ಇಟ್ಟುಕೊಳ್ಳಿ. ಷರತ್ತುಗಳಲ್ಲೂ ಒಂದೇ ಸಾಕು, ನೀರಿನ ಸಹಜ ಹರಿವಿಗೆ ಅಡ್ಡಿ ಮಾಡಬಾರದು ಅನ್ನುವುದು. ಪರಿಸರ ಅನುಮತಿ ಪಡೆದವರು ವರ್ಷಕ್ಕೆರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ಷರತ್ತು ಪಾಲಿಸಿದ ವರದಿ ಕೊಡಬೇಕು. ಆನ್‌ಲೈನ್‌ನಲ್ಲಿ ಸಿಗದಿದ್ದರೆ ಆರ್‌ಟಿಐ ಹಾಕಿ. ಆ ಷರತ್ತಿನ ಎದುರು ಏನು ಬರೆದಿದ್ದಾರೆ ನೋಡಿ. 'ಪಾಲಿಸಲಾಗಿದೆ' ಎಂದಿದ್ದರೆ ಆ ಒಂದು ಪದವನ್ನು ನಿಮ್ಮ ಹನ್ನೊಂದು ಸಾಲಿನ ಪಕ್ಕದಲ್ಲಿಡಿ. ನೀವೇನೂ ಸೇರಿಸಬೇಡಿ, ದಯವಿಟ್ಟು. ಬೇರೇನೋ ಇದ್ದರೆ ಅದನ್ನೂ ಹಾಗೇ ಬರೆಯಿರಿ. ಬಿಲ್ಡರ್ ಏನು ಹೇಳುತ್ತಾರೆ ಎಂದೂ ಕೇಳಿ. ಈಗಿನ ಲೇಖನದಲ್ಲಿ ಅವರಿಗೆ ಬೈಗುಳ ಬಿಟ್ಟರೆ ಬಾಯೇ ಇಲ್ಲ.

ಸಾವಿರ ಪದ ಸಾಕು. ಅಜ್ಜನ ಮಾತನ್ನು ತಿದ್ದಬೇಡಿ, ಅದು ಹಾಗೇ ಇರಲಿ. ಗ್ರಾಮ ನಕ್ಷೆ ತೆಗೆಸಿಕೊಂಡು ಸರ್ವೆ ನಂಬರ್ ಹಿಡಿದು ಅಳೆಯಲು ಹೋಗುವಾಗ ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ. ಟೇಪಿನ ಇನ್ನೊಂದು ತುದಿ ಹಿಡಿಯಬೇಕಲ್ಲ. ಮತ್ತೆ ಆ ಮಣ್ಣು ಇನ್ನೂ ಗಟ್ಟಿಯಾಗಿ ಕೂತಿರಲಿಕ್ಕಿಲ್ಲ, ಜಾರುತ್ತೆ.

ಸಂಪಾದಕ